ಗಸಗಸೆ ಪಾಯಸ ಮತ್ತು ಸೋಮವಾರದ ಡಬ್ಬಿ

ನಿವೃತ್ತಿಯ ದಿನ ಎಲ್ಲರಿಗೂ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಡುತ್ತಾರೆ. ನನಗೆ ಕೊಟ್ಟದ್ದು ಮೂತ್ರ ಪರೀಕ್ಷೆಯ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಕಮಲಾ ಸಿಸ್ಟರ್’ ಎಂದು ಬರೆದು, ಸುತ್ತ ಒಂದು ಮೊಳ ಮಲ್ಲಿಗೆ ಕಟ್ಟಿದ್ದರು. ಅತಿಥಿಯಾಗಿ ಬಂದಿದ್ದ ಹಿರಿಯರೊಬ್ಬರು ಅದನ್ನು ಯಾವುದೋ ದೇವಸ್ಥಾನದ ಪ್ರಸಾದ ಎಂದುಕೊಂಡು, ಕಣ್ಣಿಗೊತ್ತಿಕೊಂಡು ನನ್ನ ಕೈಗಿತ್ತರು. ಕೂತಿದ್ದ ಹೆಂಗಸರು ನಕ್ಕ ನಗುವಿಗೆ ಅವರು ಪಾಪ ಕಂಗಾಲಾದರು. ಡಬ್ಬಿ ಈಗ ನನ್ನ ಮನೆಯ ಶೋಕೇಸಿನಲ್ಲಿದೆ. ಹೊಸದು, ಖಾಲಿಯದು, ಗಾಬರಿ ಬೇಡ.

ವ್ಯಸನ ಬಿಡಿಸುವ ಈ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಬಂದು, “ಸಿಸ್ಟರ್, ನಿಮ್ ಎಕ್ಸ್‌ಪೀರಿಯೆನ್ಸ್ ಬರ್ದ್‌ಕೊಡಿ, ನಮಗೆ ಹೆಲ್ಪ್ ಆಗತ್ತೆ” ಅಂದರು. ನಾನು ಯಾವಾಗ ಸ್ಟಾಫ್ ನರ್ಸ್ ಆದೆ, ಯಾವಾಗ ಹೆಡ್ ನರ್ಸ್ ಆದೆ ಎಂಬುದೆಲ್ಲ ಸರ್ವೀಸ್ ಪುಸ್ತಕದಲ್ಲಿದೆ, ಅಲ್ಲೇ ಇರಲಿ. ಬಡ್ತಿಯಿಂದ ಯಾರೂ ಏನೂ ಕಲಿಯುವುದಿಲ್ಲ. ನಾನು ಮಾಡಿದ ಎಡವಟ್ಟು ಬರೆದುಕೊಡುತ್ತೇನೆ, ಅದು ಉಪಯೋಗಕ್ಕೆ ಬಂದೀತು.

ದೊಡ್ಡಾಸ್ಪತ್ರೆಯ ವ್ಯಸನಮುಕ್ತಿ ವಾರ್ಡಿನಲ್ಲಿ ನನ್ನ ಅರ್ಧ ಆಯಸ್ಸು ಕಳೆಯಿತು. ಅಲ್ಲಿ ನನಗೆ ಕೆಲಸ ಕಲಿಸಿದವರು ನಮ್ಮ ಮೇಟ್ರನ್. ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅವರು ಬರುವುದು ಮೂರು ವಾರ್ಡಿನಾಚೆಗೇ ಕೇಳಿಸುತ್ತಿತ್ತು. “ಬೀಗ ಮೊದ್ಲು, ಮಾತು ಆಮೇಲೆ” ಎಂಬುದು ಅವರ ಮಂತ್ರ. ಕೆಟ್ಟವರಲ್ಲ. ರೋಗಿಗಳಿಗಾಗಿ ಊಟ ಬಿಟ್ಟು ಓಡಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಯಾರನ್ನೂ ನಂಬುತ್ತಿರಲಿಲ್ಲ, ನಂಬದಿರುವುದೇ ವಿದ್ಯೆ ಎಂದು ನನಗೂ ಕಲಿಸಿಬಿಟ್ಟರು.

ವಾರ್ಡಿನಿಂದ ಹೊರಬಂದ ಗಂಡಸರಿಗೆ ಹೋಗಲು ಮನೆಯಿರುತ್ತಿತ್ತು. ಹೆಂಗಸರಿಗೆ ಬಾಗಿಲು ಮುಚ್ಚಿರುತ್ತಿತ್ತು. ಕುಡಿದ ಗಂಡ ಸುಧಾರಿಸಿ ಬಂದರೆ ಆರತಿ, ಮಾತ್ರೆ ಬಿಟ್ಟ ಹೆಂಡತಿ ಬಂದರೆ ‘ಇನ್ಯಾಕೆ ಬಂದೆ’. ಆಸ್ಪತ್ರೆಯ ಕೆಲಸ ಮುಗಿಸಿದ ಮೇಲೆ ಒಂದು ಸಣ್ಣ ಟ್ರಸ್ಟಿನವರು, ಇಂಥ ಹೆಂಗಸರು ಕೆಲವು ತಿಂಗಳು ಇದ್ದು ಗಟ್ಟಿಯಾಗಿ ಹೋಗಲು ಒಂದು ಮನೆ ಮಾಡೋಣ, ನಡೆಸಿಕೊಡಿ ಅಂದಾಗ ನಾನು ಎರಡನೇ ಮಾತಾಡದೆ ಒಪ್ಪಿದೆ.

ಮನೆ ಸಿಗುವುದು ಮಾತ್ರ ಸುಲಭವಾಗಲಿಲ್ಲ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಸಹಕಾರನಗರದಲ್ಲಿ ಒಬ್ಬರು ಕಾಫಿ ಕೊಟ್ಟರು, ವಿಷಯ ಹೇಳಿದೆ, ಅರ್ಧ ಕುಡಿದ ಲೋಟ ವಾಪಸ್ ತೆಗೆದುಕೊಂಡರು. ದಾಸರಹಳ್ಳಿಯಲ್ಲಿ ಬ್ರೋಕರ್ ನನಗೇ ಬುದ್ಧಿ ಹೇಳಿದ: “ಮೇಡಂ, ಲೇಡೀಸ್ ಪೀಜಿ ಅಂತ ಹೇಳ್ಬಿಡಿ, ಸಾಕು. ಎಲ್ಲಾ ಹೇಳ್ಬಾರ್ದು ಕಣ್ರೀ.” ಕಡೆಗೆ ವಿದ್ಯಾರಣ್ಯಪುರದ ಒಂದು ಹಿಂದಿನ ರಸ್ತೆಯಲ್ಲಿ ಹಳೆಯ ಮನೆ ಸಿಕ್ಕಿತು. ನಾಲ್ಕು ಕೋಣೆ, ಅಂಗಳದಲ್ಲಿ ನುಗ್ಗೆ ಮರ, ತಳ್ಳಿದರೆ ಕಿರ್ರೋ ಎನ್ನುವ ಗೇಟು. ಮಾಲೀಕರು ಬೇರೆ ಊರಿನಲ್ಲಿದ್ದರು, ಸತ್ಯ ಕೇಳಿಯೂ ಒಪ್ಪಿದರು. ಒಪ್ಪದಿದ್ದವರು ಪಕ್ಕದ ಮನೆಯ ಲಲಿತಮ್ಮ. ನಾವು ಹಾಲುಕ್ಕಿಸಿದ ದಿನವೇ ಕಾಂಪೌಂಡಿನ ಆಚೆಯಿಂದ ಕೂಗಿ ಹೇಳಿದರು: “ನೋಡಮ್ಮಾ, ಇದು ಮರ್ಯಾದಸ್ಥರ ಬೀದಿ. ನಮ್ಮನೇಲಿ ಸೊಸೆ ಬಸುರಿ. ಏನಾದ್ರೂ ಆದ್ರೆ ನಾನ್ ಸುಮ್ನಿರಲ್ಲ.” ಆಮೇಲೆ ಎರಡು ತಿಂಗಳು ನಮ್ಮ ಕಡೆ ಮುಖ ಹಾಕಲಿಲ್ಲ.

ಮೊದಲು ಬಂದವರು ಆರು ಮಂದಿ. ಎಲ್ಲರ ಕಥೆ ಹೇಳುವುದಿಲ್ಲ, ಇಬ್ಬರ ಪರಿಚಯ ಸಾಕು. ಗದಗಿನ ಕಡೆಯ ರೇಣುಕಾ ಪೀಣ್ಯದ ಗಾರ್ಮೆಂಟ್ಸಿನಲ್ಲಿದ್ದವಳು. ನೋವಿನ ಮಾತ್ರೆಯಿಂದ ಶುರುವಾಗಿ ಬ್ರೌನ್ ಶುಗರ್‌ವರೆಗೆ ಹೋಗಿ ವಾಪಸ್ಸು ಬಂದವಳು, ಬಾಯಿ ಬಡಬಡಕಿ, ಮನಸ್ಸು ಬೆಣ್ಣೆ. ಇನ್ನೊಬ್ಬಳು ಶಾಹೀನ್. ಗಂಡ ಬಿಟ್ಟು ಹೋದ ಮೇಲೆ ಪ್ಯಾಕಿಂಗ್ ಕೆಲಸಕ್ಕೆ ಸೇರಿ, ಜೊತೆಯವರು ಕೊಟ್ಟ ಕೆಮ್ಮಿನ ಸಿರಪ್ಪಿಗೆ ಅಂಟಿಕೊಂಡಿದ್ದಳು. ದಿನಕ್ಕೆ ಬಾಟಲಿಗಟ್ಟಲೆ ಕುಡಿಯುತ್ತಿದ್ದಳು. ಅವಳ ಆರು ವರ್ಷದ ಮಗಳು ಜೋಯಾಳನ್ನು ಆರ್.ಟಿ. ನಗರದಲ್ಲಿ ಟೈಲರಿಂಗ್ ಮಾಡುವ ಅಕ್ಕ ಫರ್ಜಾನಾ ಸಾಕುತ್ತಿದ್ದರು. ಶಾಹೀನ್ ಅವರನ್ನು ಆಪಾ ಎನ್ನುತ್ತಿದ್ದಳು, ನಾವೂ ಹಾಗೇ ಕರೆಯತೊಡಗಿದೆವು.

ನಾನು ಬೋರ್ಡು ಹಾಕದೆ, ಮನೆ ಎಂದೇ ತೆರೆದದ್ದೇನೋ ನಿಜ, ನಡೆಸಿದ್ದು ವಾರ್ಡು. ಗೇಟಿಗೆ ಅಂಗೈಯಗಲದ ಬೀಗ. ಕೈಗಳ ಗೊಂಚಲು ನನ್ನ ಸೊಂಟದಲ್ಲಿ. ಮೂರನೇ ಭಾನುವಾರ ಆಪಾ ಜೋಯಾಳನ್ನು ಕರೆತಂದರು. ಮಗು ಗೇಟಿನ ಬೀಗ ಹಿಡಿದು ಜಗ್ಗಿ, ಒಳಗೆ ನಿಂತ ತಾಯಿಯನ್ನು ನೋಡಿ, “ಅಮ್ಮಿ ಜೈಲಲ್ಲಿದಾಳಾ?” ಎಂದು ಅಳಲು ಶುರು ಮಾಡಿತು. ನಾನು ಬೀಗ ತೆಗೆಯುವಷ್ಟರಲ್ಲಿ ಆಪಾ ಅವಳನ್ನೆತ್ತಿಕೊಂಡು ರಸ್ತೆಗಿಳಿದಿದ್ದರು.

“ಸಿಸ್ಟರ್, ನಾನು ಎಷ್ಟೋ ಸಲ ನಂಬ್ದೆ. ಇನ್ನು ನಂಬಕ್ಕೆ ಆಗಲ್ಲ,” ಅಂದರು ಆಪಾ, ಹಿಂದೆಯೇ ಓಡಿದ ನನಗೆ. “ವಾರ ವಾರ ಟೆಸ್ಟ್ ಮಾಡ್ತೀರಲ್ಲ? ಹನ್ನೆರಡು ಸೋಮವಾರ ಇವ್ಳು ಕ್ಲೀನ್ ಇರ್ಲಿ. ಬೆಳಗ್ಗೆ ಹನ್ನೊಂದಕ್ಕೆ ನೀವೇ ಫೋನ್ ಮಾಡಿ ಹೇಳ್ಬೇಕು. ಹನ್ನೆರಡೂ ಸರಿ ಇದ್ರೆ ಜೋಯಾನ ತಂದ್ಬಿಡ್ತೀನಿ, ಅಮ್ಮನ ಹತ್ರಾನೇ ಇರ್ಲಿ. ಒಂದು ತಪ್ಪಿದ್ರೂ ಇಲ್ಲ.”

ಶಾಹೀನ್ ಅಂದೇ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹನ್ನೆರಡು ಸೋಮವಾರಗಳಿಗೆ ಸುತ್ತು ಹಾಕಿದಳು. ಆಮೇಲೆ ಅವಳು ಬದುಕಿದ್ದು ಆ ಸುತ್ತುಗಳಿಗಾಗಿ.

ಬೀಗ ಹೋದ ಕಥೆಯನ್ನೂ ಹೇಳಿಬಿಡುತ್ತೇನೆ. ಒಂದು ದಿನ ಯಶವಂತಪುರ ಮಾರ್ಕೆಟ್ಟಿನಿಂದ ಎರಡು ಚೀಲ ತರಕಾರಿ ಹೊತ್ತು ಬಂದು ಸೊಂಟ ಮುಟ್ಟಿಕೊಂಡರೆ ಗೊಂಚಲಿಲ್ಲ. ಬಸ್ಸಿನಲ್ಲೆಲ್ಲೋ ಬಿದ್ದಿತ್ತು. ಗೇಟಿನ ಇನ್ನೊಂದು ಬೀಗದ ಕೈ ಒಳಗೆ ಬೀರುವಿನಲ್ಲಿತ್ತು, ಬೀರುವಿನ ಕೈ ಅದೇ ಗೊಂಚಲಿನಲ್ಲಿತ್ತು. ಒಳಗೆ ಆರು ಮಂದಿ, ಒಲೆಯ ಮೇಲೆ ಸಾರು. ಬೇರೆ ದಾರಿಯಿಲ್ಲದೆ ಲಲಿತಮ್ಮನ ಮನೆಯ ಬೆಲ್ ಒತ್ತಿದೆ. ಅವರು ಒಂದು ಸ್ಟೂಲು ತಂದು ಕಾಂಪೌಂಡಿಗೆ ಒರಗಿಸಿದರು. ಸೀರೆ ಎತ್ತಿಕಟ್ಟಿ ಗೋಡೆ ಏರಿ ಕೂತೆ. ಆಚೆ ಇಳಿಯಲು ಧೈರ್ಯವಿಲ್ಲ, ಈಚೆ ಬರಲು ಮುಖವಿಲ್ಲ.

“ಜಿಗೀರಿ ಸಿಸ್ಟರ್, ನಾವ್ ಹಿಡೀತೀವಿ!” ಎಂದು ರೇಣುಕಾ ಆಚೆಯಿಂದ ಸೆರಗೊಡ್ಡಿ ನಿಂತಿದ್ದಳು.

ಈಚೆಯಿಂದ ಲಲಿತಮ್ಮ ಸೊಂಟದ ಮೇಲೆ ಕೈಯಿಟ್ಟು, “ಅಲ್ಲಾ ಕಣ್ರೀ, ಒಳಗಿರೋರು ಹೊರಗೆ ಹಾರ್ಬಾರ್ದು ಅಂತ ಬೀಗ ಹಾಕ್ತೀರಿ. ಈಗ ಹೊರಗಿರೋರೇ ಒಳಗೆ ಹಾರ್ತಿದೀರಲ್ಲ!” ಅಂದರು. ಅಂದವರೇ ನಕ್ಕುಬಿಟ್ಟರು. ನನಗೂ ನಗು ತಡೆಯಲಾಗದೆ ಆ ನಗುವಿನಲ್ಲೇ ಜಾರಿ ಬಿದ್ದೆ, ಆರು ಜೊತೆ ಕೈಗಳು ಹಿಡಿದವು.

ಬೀಗ ಒಡೆಸಿದವಳು ಮತ್ತೆ ಹೊಸದು ಕೊಳ್ಳಲಿಲ್ಲ. ಗೇಟಿಗೆ ಬರೀ ಚಿಲಕ. ಒಬ್ಬಳು ಹೇಳದೆ ಹೋದಳು, ಹೌದು. ಎರಡು ದಿನದಲ್ಲಿ ತಾನೇ ಬಂದಳು. ಮೇಟ್ರನ್ ಇದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದರು. ಆದರೆ ಬೀಗ ಬಿಟ್ಟೆನೇ ಹೊರತು ಅವರು ಕಲಿಸಿದ ಅನುಮಾನ ಬಿಟ್ಟಿರಲಿಲ್ಲ, ಅದು ಮುಂದೆ ಗೊತ್ತಾಗುತ್ತದೆ.

ಇನ್ನು ಸೋಮವಾರದ ಪರೀಕ್ಷೆ. ಹೆಸರು ಬರೆದ ಡಬ್ಬಿಯಲ್ಲಿ ಮೂತ್ರ ತರಬೇಕು, ನಾನು ಕಾಗದದ ಪಟ್ಟಿ ಅದ್ದಿ ಐದು ನಿಮಿಷ ಕಾಯಬೇಕು. ಎರಡು ಗೆರೆ ಮೂಡಿದರೆ ಕ್ಲೀನ್. ಒಂದೇ ಗೆರೆ ಮೂಡಿದರೆ ಅಫೀಮಿನ ಜಾತಿಯ ಏನೋ ಒಳಗೆ ಹೋಗಿದೆ ಎಂದರ್ಥ. ಬ್ರೌನ್ ಶುಗರ್, ಆ ಸಿರಪ್ಪು ಎಲ್ಲ ಅದರಲ್ಲಿ ಸಿಕ್ಕಿಬೀಳುತ್ತವೆ. ಹನ್ನೊಂದು ಸೋಮವಾರ ಶಾಹೀನಳಿಗೆ ಎರಡೆರಡು ಗೆರೆ ಬಂದವು. ಹನ್ನೊಂದು ಸಲ ನಾನು ಆಪಾಗೆ ಫೋನ್ ಮಾಡಿದೆ. ಆಪಾ ಹನ್ನೊಂದು ಸಲವೂ “ಹೂಂ, ನೋಡೋಣ” ಎಂದಷ್ಟೇ ಹೇಳಿ ಇಟ್ಟರು.

ಹನ್ನೆರಡನೆಯ ಸೋಮವಾರದ ಹಿಂದಿನ ದಿನ ಲಲಿತಮ್ಮನ ಮೊಮ್ಮಗಳ ನಾಮಕರಣ. ಮಧ್ಯಾಹ್ನ ಕಾಂಪೌಂಡಿನ ಮೇಲೆ ಒಂದು ದೊಡ್ಡ ಸ್ಟೀಲು ಪಾತ್ರೆ ಕಾಣಿಸಿತು, ಹಿಂದೆ ಲಲಿತಮ್ಮನ ಮುಖ. “ಮಗೂಗೆ ಹೆಸರಿಟ್ವಿ. ಪಾಯಸ ಇದೆ, ಎಲ್ರೂ ತಿನ್ನಿ,” ಅಂದರು. ಆ ಬೀದಿಯಿಂದ ನಮ್ಮ ಮನೆಗೆ ಬಂದ ಮೊದಲ ತಿಂಡಿ ಅದು. ಹೆಂಗಸರು ಆ ಪಾತ್ರೆಯನ್ನು ದೇವರನ್ನು ತಂದ ಹಾಗೆ ಒಳಗೆ ತಂದರು. ನೆಲದ ಮೇಲೆ ಸಾಲಾಗಿ ಕೂತು, ಲೋಟದ ಮೇಲೆ ಲೋಟ ಕುಡಿದೆವು. ನಾನೂ ಎರಡು ಲೋಟ ಕುಡಿದೆ. ಒಬ್ಬಳು ಪಾತ್ರೆಯೊಳಗೆ ಕೈಹಾಕಿ ಬಳಿದು ನೆಕ್ಕಿದಳು. ಆಮೇಲೆ ಮನೆಮಂದಿಯೆಲ್ಲ ಸಂಜೆಯವರೆಗೆ ಗೊರಕೆ. ಪಾತ್ರೆ ಖಾಲಿ ಕಳಿಸಬಾರದೆಂದು ರೇಣುಕಾ ಊರಿನ ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟುಬಂದಳು. ಅಷ್ಟು ಸಂತೋಷದ ಭಾನುವಾರ ಆ ಮನೆ ಕಂಡಿರಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಶಾಹೀನ್ ಡಬ್ಬಿ ಹಿಡಿದು ನಿಂತಿದ್ದಳು. ತಲೆಗೆ ಎಣ್ಣೆ ಹಚ್ಚಿ, ಒಗೆದ ಚೂಡಿದಾರ್ ಹಾಕಿಕೊಂಡಿದ್ದಳು. ಪಟ್ಟಿ ಅದ್ದಿದೆ. ಐದು ನಿಮಿಷವಾಯಿತು. ಒಂದೇ ಗೆರೆ. ಬೆಳಕಿಗೆ ಹಿಡಿದು ನೋಡಿದೆ, ಕನ್ನಡಕ ಒರೆಸಿ ನೋಡಿದೆ. ಒಂದೇ ಗೆರೆ.

“ಯಾವಾಗ ತಗೊಂಡೆ?” ಅಂದೆ.

“ಏನ್ ಸಿಸ್ಟರ್? ಮೈ ಕುಚ್ ನೈ ಲೀ. ಅಲ್ಲಾ ಕಸಮ್, ನಾನೇನೂ ತಗೊಂಡಿಲ್ಲ.”

ವಾರ್ಡಿನಲ್ಲಿ ಈ ಮಾತನ್ನು ಸಾವಿರ ಸಲ ಕೇಳಿದ್ದೆ. ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಕೊಟ್ಟ ಮಾತಿನಂತೆ ಫೋನ್ ಎತ್ತಿದೆ. “ಆಪಾ, ಈ ವಾರ ಸರಿ ಬಂದಿಲ್ಲಮ್ಮ.” ಆಚೆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. “ನಂಗೊತ್ತಿತ್ತು ಸಿಸ್ಟರ್,” ಅಂದರು, ಇಟ್ಟರು. ಶಾಹೀನ್ ಅಳಲಿಲ್ಲ. ಒಳಗೆ ಹೋಗಿ ಬಟ್ಟೆ ತುಂಬತೊಡಗಿದಳು.

ನಾನು ಎರಡನೆಯವಳ ಪಟ್ಟಿ ಅದ್ದಿದೆ. ಒಂದು ಗೆರೆ. ಮೂರನೆಯವಳದು, ನಾಲ್ಕನೆಯವಳದು, ಒಂದು, ಒಂದು. ಆರೂ ಮಂದಿಯದು ಒಂದೇ ಗೆರೆ.  ಆದರೆ ನನ್ನ ಬುದ್ಧಿ ಓಡಿದ್ದು ಎಲ್ಲಿಗೆ? ಮನೆಯೊಳಗೆ ಯಾರೋ ಸರಕು ತಂದಿದ್ದಾರೆ, ಎಲ್ಲರೂ ಹಂಚಿಕೊಂಡಿದ್ದಾರೆ ಎನ್ನುವಲ್ಲಿಗೆ. ಹಾಸಿಗೆ ಕೊಡವಿದೆ, ಚೀಲ ಸುರಿದೆ, ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈಹಾಕಿದೆ. ಕಡೆಗೆ ರೇಣುಕಾ ಅಡ್ಡ ನಿಂತಳು.

“ಆರೂ ಮಂದಿ ಕೂಡಿ ಒಂದ ದಿನ ನಶಾ ಮಾಡಾಕ, ನಾವೇನ ಪಂಕ್ತಿ ಹಾಕ್ಕೊಂಡ ಕುಂತಿದ್ವೇನ್ರಿ ಸಿಸ್ಟರ್?”

ಪಂಕ್ತಿ ಎಂದಳಲ್ಲ, ಅಕ್ಕಿಯೊಳಗಿನ ಕೈ ಹಾಗೇ ನಿಂತಿತು. ಕೂತಿದ್ದೆವಲ್ಲ! ನಿನ್ನೆ ಮಧ್ಯಾಹ್ನ, ನೆಲದ ಮೇಲೆ, ಸಾಲಾಗಿ. ಓಡಿಹೋಗಿ ಕಾಂಪೌಂಡಿನ ಬಳಿ ನಿಂತು, “ಲಲಿತಮ್ಮಾ, ನಿನ್ನೆ ಯಾವ ಪಾಯಸ ಅದು?” ಎಂದು ಕೂಗಿದೆ.

“ಗಸಗಸೆದು ಕಣ್ರೀ! ಯಾಕೆ, ಚೆನ್ನಾಗಿರ್ಲಿಲ್ವಾ? ಕಾಲು ಕೆಜಿ ಹಾಕಿದ್ನಲ್ಲಾ!”

ಈಗ ನನ್ನ ವಿದ್ಯೆಯ ಬಗ್ಗೆ ಕೇಳಿ. ಟ್ರೇನಿಂಗಿನಲ್ಲಿ ನಾನು ಓದಿದ್ದೆ. ‘ಪಾಪಿ ಸೀಡ್ ತಿಂದವರಿಗೂ ಪರೀಕ್ಷೆ ತಪ್ಪು ತೋರಿಸಬಹುದು’ ಎಂದು ಇಂಗ್ಲಿಷಿನಲ್ಲಿತ್ತು, ಪಕ್ಕದಲ್ಲಿ ಯಾವುದೋ ವಿದೇಶಿ ಬನ್ನಿನ ಚಿತ್ರ. ನಮ್ಮ ಊರಲ್ಲಿ ಅಂಥ ಬನ್ನು ಯಾರು ತಿನ್ನುತ್ತಾರೆ ಎಂದು ಪುಟ ತಿರುಗಿಸಿದ್ದೆ. ಅದು ನಮ್ಮ ಗಸಗಸೆ, ಅಫೀಮು ಬರುವ ಗಿಡದ್ದೇ ಬೀಜ, ನಮ್ಮಮ್ಮ ಹಬ್ಬಕ್ಕೆ ಮಾಡಿ ಬಡಿಸಿ ನಿದ್ದೆ ಹತ್ತಿಸುತ್ತಿದ್ದ ಪಾಯಸದ್ದು ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ.

ಒಂದು ಡಬ್ಬಿ ತೆಗೆದುಕೊಂಡು ನಾನೇ ಬಚ್ಚಲಿಗೆ ಹೋದೆ. ಪಟ್ಟಿ ಅದ್ದಿ ಕಮೋಡಿನ ಪಕ್ಕ ನಿಂತು ಕಾದ ಆ ಐದು ನಿಮಿಷ ನನ್ನ ಇಡೀ ಸರ್ವೀಸಿನಲ್ಲೇ ಅತಿ ಉದ್ದವಾದವು. ಒಂದೇ ಗೆರೆ ಬಂತು. ನಾನು ಪಟ್ಟಿ ಬೀಸಿಕೊಂಡು ಹೊರಗೆ ಓಡಿದೆ. “ನಂದೂ ಪಾಸಿಟಿವ್! ನಂದೂ ಪಾಸಿಟಿವ್ ಕಣ್ರೇ!”

ಮನೆಯೆಲ್ಲ ನಗು. ರೇಣುಕಾ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡಳು. “ಸಿಸ್ಟರ್‌ನ ಅಡ್ಮಿಟ್ ಮಾಡ್ಕೋರವಾ!” ಅಂದಳು. ನಗದಿದ್ದವಳು ಶಾಹೀನ್ ಒಬ್ಬಳೇ. ಅವಳು ಚೀಲ ಇಟ್ಟುಕೊಂಡು ಗೇಟಿನ ಮೆಟ್ಟಿಲ ಮೇಲೆ ಕೂತಿದ್ದಳು. ಚಿಲಕ ತೆಗೆದರೆ ರಸ್ತೆ. ಆದರೂ ಹೋಗಿರಲಿಲ್ಲ. ಬೀಗ ಇದ್ದಿದ್ದರೆ ಅವಳು ತಾನಾಗಿ ಉಳಿದಳೆಂಬುದು ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅದನ್ನು ನೆನೆದಾಗ ಈಗಲೂ ಕಣ್ಣು ತುಂಬುತ್ತದೆ.

ಎಲ್ಲರೆದುರಿಗೆ ಅವಳ ಪಕ್ಕ ಕೂತು, “ತಪ್ಪು ನನ್ನದು, ಶಾಹೀನ್. ನಾನು ಪಟ್ಟಿ ನಂಬಿದೆ, ನಿನ್ನ ನಂಬಲಿಲ್ಲ,” ಅಂದೆ.

ಅವಳು ಚೀಲವನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದಳು. “ನಮ್ದು ನೀವು ಚೆಕ್ ಮಾಡ್ತೀರಿ. ನಿಮ್ದು ಯಾರು ಚೆಕ್ ಮಾಡ್ತಾರೆ ಸಿಸ್ಟರ್? ಇನ್ಮೇಲೆ ಸೋಮವಾರ ಮೊದ್ಲು ನಿಮ್ದು.”

ಅಂದಿನಿಂದ ಆ ಮನೆಯಲ್ಲಿ ಸೋಮವಾರದ ಮೊದಲ ಡಬ್ಬಿ ನನ್ನದು. ಆ ಮನೆಯ ಕೆಲಸದಿಂದ ನಿವೃತ್ತಳಾದ ದಿನ ಅಲ್ಲಿನ ಹೆಂಗಸರು ಮಲ್ಲಿಗೆ ಕಟ್ಟಿ ಕೊಟ್ಟ, ಶೋಕೇಸಿನಲ್ಲಿರುವ ಡಬ್ಬಿ ಅದರ ನೆನಪಿಗೆ.

ವಾರಕ್ಕೊಮ್ಮೆ ಬರುತ್ತಿದ್ದ ನಮ್ಮ ಡಾಕ್ಟರಿಗೆ ಫೋನಿನಲ್ಲಿ ಹೇಳಿದಾಗ ಅವರು ಮೊದಲು ನಕ್ಕರು, ಆಮೇಲೆ ಬೈದರು. “ಪಟ್ಟಿ ಅನುಮಾನ ಮಾತ್ರ ಹೇಳತ್ತೆ, ತೀರ್ಪಲ್ಲ ಸಿಸ್ಟರ್. ಮೊದ್ಲು ಅವ್ರನ್ನ ಕೂರ್ಸಿ ಏನ್ ತಿಂದ್ರಿ ಅಂತ ಕೇಳ್ಬೇಕು. ಫೋನ್ ಎಲ್ಲಕ್ಕಿಂತ ಕೊನೇದು.” ಹೊಸ ಹುಡುಗಿಯರೇ, ಈ ಮಾತನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ನಾನು ಅದನ್ನು ತಲೆಕೆಳಗಾಗಿ ಮಾಡಿದ್ದೆ.

ಆಪಾಗೆ ಮತ್ತೆ ಫೋನ್ ಮಾಡಿ ಪಾಯಸದ ವಿಷಯ ಹೇಳಿದೆ. ಎರಡು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿ ತೋರಿಸುತ್ತೇನೆ ಅಂದೆ. ಆಪಾ ಜಾಣೆ. “ಎರಡು ದಿನ ಬಿಟ್ರೆ ಯಾರ್ದಾದ್ರೂ ಕ್ಲೀನ್ ಆಗತ್ತಲ್ಲ ಸಿಸ್ಟರ್? ಪಾಯಸ ತಿಂದ್ರೆ ನಶೆ ಬರತ್ತೆ ಅಂದ್ರೆ ನಾನು ನಂಬ್ಬೇಕಾ? ಬೆಳಗ್ಗೆ ಒಂದು ಹೇಳ್ತೀರಾ, ಮಧ್ಯಾಹ್ನ ಒಂದು ಹೇಳ್ತೀರಾ.” ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಇಷ್ಟು ಹೊತ್ತಿಗೆ ಸುದ್ದಿ ಲಲಿತಮ್ಮನಿಗೆ ಮುಟ್ಟಿತ್ತು. ಅವರು ಮೊದಲ ಬಾರಿಗೆ ನಮ್ಮ ಗೇಟು ತಳ್ಳಿಕೊಂಡು ಒಳಗೆ ಬಂದರು, ಮುಖ ಕೆಂಪಗಿತ್ತು. “ನನ್ನ ಪಾಯಸದಲ್ಲಿ ಅಫೀಮಾ? ನಮ್ಮತ್ತೆ ಕೈಲಿ ಕಲ್ತಿದ್ದು ಕಣ್ರೀ ಅದು!” ವಿವರವಾಗಿ ಹೇಳಿದೆ. ಶಾಹೀನಳನ್ನು ನೋಡಿದರು, ಕ್ಯಾಲೆಂಡರಿನ ಹನ್ನೊಂದು ರೈಟು ಗುರುತು, ಒಂದು ಖಾಲಿ ಸುತ್ತು ನೋಡಿದರು. ಮನೆಯಲ್ಲಿ ಬಾಣಂತಿಯಿದ್ದ ಅಜ್ಜಿ ಅವರು. ಸೆರಗು ಸಿಕ್ಕಿಸಿಕೊಂಡು, “ಆ ಅಕ್ಕ ನಂಬಲ್ವಂತಾ? ಅವ್ರಿಗೂ ತಿನ್ಸೋಣ. ನಾಳೆ ಇನ್ನೊಂದ್ಸಲ ಮಾಡ್ತೀನಿ. ಪಾಯಸ ನಂದು, ಸಾಕ್ಷಿ ಹೇಳಕ್ಕೆ ನಾನೇ ಬರ್ಬೇಕು,” ಅಂದರು.

ಮಂಗಳವಾರ ಮಧ್ಯಾಹ್ನ ನಾವಿಬ್ಬರು ಆರ್.ಟಿ. ನಗರಕ್ಕೆ ಹೊರಟೆವು. ಬಟ್ಟೆ ಕಟ್ಟಿದ ಪಾತ್ರೆ ಲಲಿತಮ್ಮನ ತೊಡೆಯ ಮೇಲೆ. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಆಟೋ ನಿಂತಾಗಲೆಲ್ಲ, “ಪೊಲೀಸ್ನೋರು ಹಿಡಿದ್ರೆ ಏನ್ ಹೇಳೋದ್ರೀ?” ಎಂದು ಪಿಸುಗುಟ್ಟುತ್ತಿದ್ದರು, ಆಮೇಲೆ ತಾವೇ ಕಿಸಕ್ಕನೆ ನಗುತ್ತಿದ್ದರು.

ಆಪಾ ಬಾಗಿಲಲ್ಲೇ ನಿಂತು ಎಲ್ಲ ಕೇಳಿದರು. “ನೀವೇ ತಿನ್ನಿ. ನಾಳೆ ಬೆಳಗ್ಗೆ ನಿಮ್ಮದೇ ಪರೀಕ್ಷೆ ಮಾಡ್ತೀನಿ. ಎರಡು ಗೆರೆ ಬಂದ್ರೆ ನಾನು ಸುಳ್ಳಿ,” ಅಂದೆ. ಆಪಾ ಲಲಿತಮ್ಮನನ್ನು ಮೇಲಿಂದ ಕೆಳಗೆ ನೋಡಿದರು. “ಇವ್ರು ಯಾರು?”

“ನಾನು ಪಕ್ಕದ್ಮನೆಯವಳಮ್ಮ. ನಿಮ್ ತಂಗಿನ ನಾನು ದಿನಾ ನೋಡ್ತೀನಿ. ನಿಮಗಿಂತ ಜಾಸ್ತಿ ಅನುಮಾನ ಇಟ್ಕೊಂಡು ನೋಡಿದೀನಿ. ಒಂದ್ ದಿನಾನೂ ತಪ್ಪು ಕಾಣ್ಲಿಲ್ಲ.”

ಆಪಾ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಮ್ಮನ್ನು ಒಳಗೆ ಕರೆದರು. ಎರಡು ಲೋಟ ಪಾಯಸ ಕುಡಿದರು, ನಮಗೆ ಟೀ ಕೊಟ್ಟರು. ಹೊರಡುವಾಗ, “ರುಚಿ ಚೆನ್ನಾಗೈತೆ,” ಎಂದಷ್ಟೇ ಹೇಳಿದರು.

ಬುಧವಾರ ಬೆಳಗ್ಗೆ ಎಂಟಕ್ಕೆ ಒಬ್ಬಳೇ ಹೋದೆ. ಡಬ್ಬಿ, ಪಟ್ಟಿ ಕೊಟ್ಟೆ. ಆಪಾ ಬಚ್ಚಲಿಗೆ ಹೋದರು. ಜೋಯಾ ಸ್ಕೂಲಿನ ಯೂನಿಫಾರ್ಮಿನಲ್ಲಿ ಕೂತು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು, ಬೀಗದ ಹೆಂಗಸು ಎಂದು ಗುರುತು ಸಿಕ್ಕಿರಬೇಕು. ಐದು ನಿಮಿಷವಾಯಿತು, ಆರಾಯಿತು. ಬಚ್ಚಲ ಬಾಗಿಲು ತೆರೆಯಿತು. ಆಪಾ ಪಟ್ಟಿಯನ್ನು ಸೂಜಿ ಹಿಡಿಯುವ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡು ಬಂದು, ಹೊಲಿಗೆ ಮೆಷಿನ್ನಿನ ಸ್ಟೂಲಿನ ಮೇಲೆ ಕುಸಿದು ಕೂತರು. ಒಂದೇ ಗೆರೆ.

“ಹಾಯ್ ಅಲ್ಲಾ! ಈಗ ನಾನೂ ನಶೆಬಾಜ್ ಆದೆ,” ಎಂದು ನಗಲು ಶುರು ಮಾಡಿದವರು, ನಗುತ್ತ ನಗುತ್ತಲೇ ದುಪಟ್ಟಾದಿಂದ ಮುಖ ಮುಚ್ಚಿಕೊಂಡರು. “ಇವ್ಳು ಮನೆಗೆ ಬಂದಾಗೆಲ್ಲ ನಾನು ಮೊದ್ಲು ಬಾಯಿ ಮೂಸ್ತಿದ್ದೆ ಸಿಸ್ಟರ್. ಒಂದ್ಸಲಾನೂ ಊಟ ಆಯ್ತಾ ಅಂತ ಕೇಳ್ಲಿಲ್ಲ.” ನನಗೆ ಅವರ ಮೇಲೆ ಕೋಪವಿರಲಿಲ್ಲ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರಂತಿದ್ದೆವು.

ಕಣ್ಣೊರೆಸಿಕೊಂಡು ಎದ್ದು ಆಪಾ ಕಪಾಟು ತೆರೆದರು. “ಜೋಯಾ, ಇವತ್ತು ಸ್ಕೂಲಿಲ್ಲ. ನಿನ್ ಬಟ್ಟೆ ತಗೋ.”

ನಾವು ಮೂವರು ಆಟೋದಲ್ಲಿ ವಿದ್ಯಾರಣ್ಯಪುರದ ಹಿಂದಿನ ರಸ್ತೆಗೆ ಬಂದಾಗ ಶಾಹೀನ್ ಅಂಗಳದಲ್ಲಿ ಬೆನ್ನು ತಿರುಗಿಸಿ ಬಟ್ಟೆ ಒಣಹಾಕುತ್ತಿದ್ದಳು. ಕಾಂಪೌಂಡಿನ ಮೇಲೆ ಲಲಿತಮ್ಮನ ತಲೆ ಆಗಲೇ ಕಾಯುತ್ತಿತ್ತು. ಕೂಗಬೇಡಿ ಎಂದು ಸನ್ನೆ ಮಾಡಿದೆ. ಜೋಯಾ ಗೇಟಿನ ಬಳಿ ನಿಂತು, ಹಿಂದೆ ಬೀಗ ತೂಗುತ್ತಿದ್ದ ಜಾಗವನ್ನು ಕೈಯಿಂದ ಮುಟ್ಟಿ ನೋಡಿದಳು. ಕೆಳಗೆ ಬಗ್ಗಿ ನೋಡಿದಳು. ಚಿಲಕ ಸರಿಸಿ ಗೇಟನ್ನು ಒಂದೇ ಬೆರಳಿಂದ ತಳ್ಳಿದಳು. ಅದು ಕಿರ್ರೋ ಎಂದಿತು, ಶಾಹೀನ್ ತಿರುಗಿದಳು.

“ಅಮ್ಮೀ, ಬೀಗ ಇಲ್ಲ! ನಾನೇ ತೆಗ್ದೆ!”

ಶಾಹೀನಳ ಕೈಯಲ್ಲಿದ್ದ ಒದ್ದೆ ಬಟ್ಟೆ ಮಣ್ಣಿಗೆ ಬಿತ್ತು. ಓಡಿಬಂದು ಮಗುವನ್ನೆತ್ತಿಕೊಂಡವಳು ಅಕ್ಕನನ್ನು ಕಂಡು ಅಲ್ಲೇ ನಿಂತಳು. ಅಭ್ಯಾಸ ನೋಡಿ, ಆಪಾ ಮೂಸಲೆಂದು ತಾನಾಗಿಯೇ ಬಾಯಿ ತೆರೆದು ಮುಖ ಮುಂದೆ ಚಾಚಿದಳು.

ಆಪಾ ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, “ಊಟ ಆಯ್ತಾ?” ಎಂದು ಕೇಳಿದರು.